ತಿಳಿದ ಮೇಲೂ: ಯುದ್ಧಕಾಲದ ನಾಯಕರ ತಪ್ಪುಗಳನ್ನು ಕುರಿತು



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ತಾವು ನನಗೇ ಬಿಟ್ಟಿರಿ. ನಾನು ಆರಿಸಿಕೊಂಡದ್ದು ಅಷ್ಟೇನೂ ಹಿತವಾದ ವಿಷಯವಲ್ಲ, ಕ್ಷಮಿಸಬೇಕು. ಯುದ್ಧದ ಸಮಯದಲ್ಲಿ ದೇಶ ನಡೆಸುವವರು ದೊಡ್ಡ ತಪ್ಪು ಮಾಡುತ್ತಾರೆ. ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಜನ ಅದಕ್ಕೆ ಬಲಿಯಾಗುತ್ತಾರೆ. ಆಮೇಲೆ ನಾವು ಕೇಳುವುದು ಒಂದೇ ಪ್ರಶ್ನೆ: ಬೇಕೆಂದೇ ಮಾಡಿದರೋ, ಕೈಲಾಗದೆ ಮಾಡಿದರೋ? ಊರ ಕಟ್ಟೆಯ ಮೇಲೂ ಇದೇ ಪ್ರಶ್ನೆ, ಸಂಸತ್ತಿನಲ್ಲೂ ಇದೇ ಪ್ರಶ್ನೆ.

ಎರಡು ಉತ್ತರಗಳೂ ಸುಲಭವಾಗಿ ಒಗ್ಗುತ್ತವೆ ಎಂಬುದೇ ನನ್ನ ಮೊದಲ ಅನುಮಾನ. ದುರುದ್ದೇಶ ಎಂದುಬಿಟ್ಟರೆ ನಮ್ಮ ಸಿಟ್ಟಿಗೆ ಒಬ್ಬ ಖಳನಾಯಕ ಸಿಗುತ್ತಾನೆ. ಅಸಾಮರ್ಥ್ಯ ಎಂದುಬಿಟ್ಟರೆ, ಪಾಪ, ಒಳ್ಳೆಯ ಮನುಷ್ಯ, ಕಾಲ ಕೆಟ್ಟದಿತ್ತು ಎಂದು ಪುಟ ತಿರುಗಿಸಬಹುದು. ಅಧಿಕಾರಸ್ಥರಿಗಂತೂ ಎರಡನೆಯ ಉತ್ತರ ಹೆಚ್ಚು ಪ್ರಿಯ. ಮೋಸ ಹೋದೆ ಎನ್ನುವವನಿಗೆ ಅನುಕಂಪವಾದರೂ ದೊರೆಯುತ್ತದೆ.

ನಿರ್ಧಾರ ತೆಗೆದುಕೊಂಡ ಗಳಿಗೆಯಲ್ಲಿ ಮನಸ್ಸಿನೊಳಗೆ ಏನಿತ್ತು ಎಂಬುದನ್ನು ಇತಿಹಾಸಕಾರ ಹೊಕ್ಕು ನೋಡಲಾರ. ಆದರೆ ಕೆಟ್ಟ ಸುದ್ದಿ ನಾಯಕನ ಮೇಜಿಗೆ ಬಂದ ದಿನಾಂಕ ಸಾಮಾನ್ಯವಾಗಿ ಎಲ್ಲೋ ದಾಖಲಾಗಿರುತ್ತದೆ. ಆ ದಿನಾಂಕದ ಹಿಂದಿನದನ್ನು ಅಜ್ಞಾನ ಎಂದು ಬೇಕಾದರೆ ಒಪ್ಪೋಣ. ಅದರ ಮುಂದಿನ ದಿನಗಳಲ್ಲಿ ಅವರು ಏನು ಮಾಡಿದರು? ಸುದ್ದಿ ತಂದವನನ್ನು ಏನು ಮಾಡಿದರು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಮೂರು ಪ್ರಸಂಗಗಳನ್ನು ನೋಡುತ್ತೇನೆ: 1915–16ರ ಮೆಸೊಪೊಟೇಮಿಯಾ, 1943ರ ಬಂಗಾಳ, 1962ರ ನಮ್ಮ ಈಶಾನ್ಯ ಗಡಿ. ಕೊನೆಯದಕ್ಕೆ ಹೆಚ್ಚು ಸಮಯ ಬೇಕು. ಅನಂತರ ತನಿಖಾ ವರದಿಗಳ ಬಗ್ಗೆ ಕೆಲವು ಮಾತು. ಹಿಟ್ಲರನಂಥವರನ್ನು ಹೊರಗಿಟ್ಟಿದ್ದೇನೆ, ಅಲ್ಲಿ ಉದ್ದೇಶ ಏನಿತ್ತೆಂದು ಯಾರೂ ಕೇಳಬೇಕಾಗಿಲ್ಲ.

ಮೊದಲಿಗೆ ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕ್. 1914ರ ನವೆಂಬರಿನಲ್ಲಿ ಭಾರತೀಯ ಸೇನೆಯ ತುಕಡಿಗಳು ಬಾಸ್ರಾ ಹಿಡಿದವು. ಪರ್ಷಿಯಾದ ಎಣ್ಣೆ ಬಾವಿಗಳಿಗೆ ಕಾವಲು, ಕೆಲಸ ಅಷ್ಟೇ ಇತ್ತು. ಗೆಲುವು ಸುಲಭವಾಗಿ ಬಂದಾಗ ಆಸೆ ಬೆಳೆಯಿತು. 1915ರ ಶರತ್ಕಾಲದಲ್ಲಿ ಗಲಿಪೊಲಿಯ ಕಾರ್ಯಾಚರಣೆ ಕೆಟ್ಟು ಕೂತಿತ್ತು; ಲಂಡನ್ನಿಗೆ ಎಲ್ಲಾದರೂ ಒಂದು ಗೆಲುವು ತೋರಿಸಬೇಕಿತ್ತು. ಬಾಗ್ದಾದಿಗೆ ನಡೆಯಿರಿ ಎಂದು ಅನುಮತಿ ಬಂತು. ಮುಂದೆ ನಡೆಯಬೇಕಾದ ಜನರಲ್ ಟೌನ್‌ಶೆಂಡನಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಆತನ ಕೈಯಲ್ಲಿದ್ದದ್ದು ಪುಣೆಯ ಹೆಸರು ಹೊತ್ತ ಆರನೆಯ ಡಿವಿಷನ್. ಟೆಸಿಫಾನ್‌ನಲ್ಲಿ ಏಟು ತಿಂದು ಡಿಸೆಂಬರ್ ಮೊದಲ ವಾರದಲ್ಲಿ ಕೂಟ್ ಎಂಬ ನದೀತೀರದ ಊರಿಗೆ ಹಿಂದಿರುಗಿತು, ಅಲ್ಲೇ ಮುತ್ತಿಗೆಗೆ ಸಿಕ್ಕಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ ಬಹುಪಾಲು ಭಾರತೀಯರು. ಸೆರೆಯಲ್ಲಿ ಸತ್ತವರ ಲೆಕ್ಕ ಬೇರೆ. ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪವೊಂದರಲ್ಲಿ ಸುಖವಾಗಿ ಸೆರೆವಾಸ ಕಳೆದ.

ನನ್ನ ಗಮನ ಇರುವುದು ಮುತ್ತಿಗೆಯ ಮೇಲಲ್ಲ, ಗಾಯಾಳುಗಳ ಮೇಲೆ. ನದಿಯಲ್ಲಿ ಆಸ್ಪತ್ರೆ ದೋಣಿಗಳು ಬೇಕಷ್ಟು ಇರಲಿಲ್ಲ. ಟೆಸಿಫಾನ್‌ನಲ್ಲಿ ಗಾಯಗೊಂಡವರನ್ನು ಸಾಮಾನು ಸಾಗಿಸುವ ಹಡಗುಗಳ ಡೆಕ್ಕಿನ ಮೇಲೆ ಒಟ್ಟಿ, ದಿನಗಟ್ಟಲೆ ಪಟ್ಟಿ ಬದಲಿಸದೆ, ಮಲಮೂತ್ರಗಳ ನಡುವೆಯೇ ಬಾಸ್ರಾಕ್ಕೆ ಇಳಿಸಿದರು. ಅದೇ ಹೊತ್ತಿಗೆ ಮೇಲಕ್ಕೆ ಹೋದ ತಂತಿಯಲ್ಲಿ ಗಾಯಾಳುಗಳ ವ್ಯವಸ್ಥೆ ತೃಪ್ತಿಕರವಾಗಿ ಆಗಿದೆ ಎಂದಿತ್ತು. ಇಂಡಿಯನ್ ಮೆಡಿಕಲ್ ಸರ್ವಿಸಿನ ಮೇಜರ್ ಕಾರ್ಟರ್ ಎಂಬ ವೈದ್ಯ ಬಾಸ್ರಾದಲ್ಲಿ ಆ ಹಡಗುಗಳನ್ನು ಕಣ್ಣಾರೆ ಕಂಡು ವರದಿ ಬರೆದ. ಸಿಕ್ಕ ಬಹುಮಾನ: ಬಂಧಿಸುತ್ತೇವೆ, ಹುದ್ದೆ ಕಿತ್ತುಕೊಳ್ಳುತ್ತೇವೆ ಎಂಬ ಬೆದರಿಕೆ.

ಇಲ್ಲಿ ಯಾರಿಗಾದರೂ ಸಿಪಾಯಿಗಳು ಸಾಯಲಿ ಎಂಬ ಬಯಕೆ ಇತ್ತೇ? ಇರಲಿಲ್ಲ. ಸಿಮ್ಲಾದ ಸರ್ಕಾರಕ್ಕೆ ಖರ್ಚು ಹಿಡಿಯುವ ಚಾಳಿ ಇತ್ತು. ಸೇನಾಧಿಪತಿ ಬೀಚಮ್ ಡಫ್ ಸಾವಿರಾರು ಮೈಲಿ ಆಚೆ ಕೂತು ಕಡತ ನೋಡುತ್ತಿದ್ದರು. ಹೀಗಾಗಿ ಮೊದಲ ತಪ್ಪಿಗೆ ಅಸಾಮರ್ಥ್ಯ ಎಂಬ ಹೆಸರು ಸಲ್ಲುತ್ತದೆ. ಆದರೆ ಕಾರ್ಟರನಿಗೆ ಬೆದರಿಕೆ ಹಾಕಿದ್ದು ಅಸಾಮರ್ಥ್ಯವಲ್ಲ. ಅದು ಪೂರ್ತಿ ಎಚ್ಚರದಲ್ಲಿ ಮಾಡಿದ ಕೆಲಸ. ತಪ್ಪು ಮಾಡಿದವರು ಪೆದ್ದರಿರಬಹುದು, ಮುಚ್ಚಿಡಲು ಕೂತವರು ಪೆದ್ದರಲ್ಲ. ಒಂದೇ ಪ್ರಸಂಗದೊಳಗೆ ಎರಡೂ ಇರುತ್ತವೆ, ಒಂದರ ಹಿಂದೆ ಒಂದು.

ಇನ್ನು ಎರಡನೆಯ ಪ್ರಸಂಗಕ್ಕೆ ಬರುತ್ತೇನೆ. ಇಲ್ಲಿ ಪ್ರಶ್ನೆ ಹೆಚ್ಚು ಮೊನಚಾಗುತ್ತದೆ, ವಿದ್ವಾಂಸರ ನಡುವೆ ಜಗಳವೂ ಹೆಚ್ಚು.

1942ರ ಮಾರ್ಚಿನಲ್ಲಿ ಜಪಾನೀಯರು ರಂಗೂನ್ ಹಿಡಿದರು. ಬರ್ಮಾದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಕರಾವಳಿ ಬಂಗಾಳದ ಅಕ್ಕಿಯನ್ನೂ ದೋಣಿಗಳನ್ನೂ ಸರ್ಕಾರವೇ ತೆಗೆಸಿಹಾಕಿತು. ದೋಣಿಯೇ ಬದುಕಾಗಿದ್ದ ಬೆಸ್ತರು, ಕುಂಬಾರರು, ಸಣ್ಣ ವ್ಯಾಪಾರಿಗಳು ಮೊದಲು ಬಿದ್ದರು. ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಪಕ್ಕದ ಪ್ರಾಂತ್ಯಗಳು ಧಾನ್ಯ ಹೊರಗೆ ಬಿಡಲಿಲ್ಲ. ಸೇನೆಯೂ ಕಲ್ಕತ್ತೆಯ ಕಾರ್ಖಾನೆಗಳೂ ಯಾವ ಬೆಲೆಗಾದರೂ ಕೊಂಡವು. ಸತ್ತವರ ಸಂಖ್ಯೆಯನ್ನು ಸರ್ಕಾರಿ ಆಯೋಗ 15 ಲಕ್ಷ ಎಂದಿತು, ಅಮರ್ತ್ಯ ಸೇನ್ ಅವರ ಲೆಕ್ಕ 30 ಲಕ್ಷದ ಹತ್ತಿರ.

ಇಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. ಹಳೆಯ ಮೈಸೂರಿನವರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದ 1876–78ರ ಕ್ಷಾಮದ ಬಳಿಕವೇ ಬ್ರಿಟಿಷ್ ಸರ್ಕಾರ ಕ್ಷಾಮ ಸಂಹಿತೆಗಳನ್ನು ಬರೆಸಿದ್ದು. ಬರ ಬಂದಾಗ ಯಾವ ಅಧಿಕಾರಿ ಏನು ಮಾಡಬೇಕು, ಕೂಲಿ ಎಷ್ಟು, ಪಡಿ ಎಷ್ಟು ಎಂದು ಅಲ್ಲಿ ಬರೆದಿತ್ತು. 1943ರಲ್ಲಿ ಬಂಗಾಳದಲ್ಲಿ ಆ ಸಂಹಿತೆಯನ್ನು ಜಾರಿಗೆ ತರಲೇ ಇಲ್ಲ. ಕ್ಷಾಮವನ್ನು ಕ್ಷಾಮ ಎಂದು ಘೋಷಿಸಲಿಲ್ಲ. ಘೋಷಿಸಿದರೆ ಪಡಿ ಕೊಡಬೇಕು, ಕೊಡಲು ಧಾನ್ಯವಿಲ್ಲ. ಅಸಾಮರ್ಥ್ಯ ಎಂಬ ಮಾತು ಇದಕ್ಕೆ ಸಾಲದು. ಹೇಗೆ ಉಳಿಸಬೇಕೆಂದು ಗೊತ್ತಿದ್ದ ಆಡಳಿತ ಅದು.

ಲಂಡನ್ನಿಗೆ ಯಾವಾಗ ಗೊತ್ತಾಯಿತು? ಖಚಿತವಾಗಿ ಹೇಳಬಹುದು. ವೈಸರಾಯ್ ಲಿನ್‌ಲಿತ್ಗೊ ಐದು ಲಕ್ಷ ಟನ್ ಗೋಧಿ ಕೇಳಿದ್ದರು. 1943ರ ಆಗಸ್ಟ್ 4ರಂದು ಯುದ್ಧ ಸಂಪುಟದ ಮುಂದೆ ಭಾರತ ಸಚಿವ ಲಿಯೊ ಅಮೆರಿ ಆ ಬೇಡಿಕೆ ಇಟ್ಟರು. ಸಂಪುಟ ಒಪ್ಪಲಿಲ್ಲ, ಇರಾಕಿನ ಬಾರ್ಲಿಯೂ ಒಂದಿಷ್ಟು ಗೋಧಿಯೂ ಎಂದು ಅಲ್ಪದಲ್ಲಿ ಮುಗಿಸಿತು. ಅದೇ ತಿಂಗಳು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿ ಹೆಣಗಳ ಚಿತ್ರಗಳನ್ನು ಮುದ್ರಿಸಿದರು. ಆಮೇಲೆ ಗೊತ್ತಿರಲಿಲ್ಲ ಎನ್ನುವ ದಾರಿ ಯಾರಿಗೂ ಉಳಿಯಲಿಲ್ಲ.

ಚರ್ಚಿಲ್ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ವರ್ಷದ ಆರಂಭದಲ್ಲಿ ಜರ್ಮನ್ ಸಬ್‌ಮರೀನುಗಳು ಅಟ್ಲಾಂಟಿಕ್‌ನಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದವು, ಹಡಗಿನ ಅಭಾವ ನಿಜ. 1944ರ ಏಪ್ರಿಲಿನಲ್ಲಿ ಆತ ರೂಸ್‌ವೆಲ್ಟ್‌ಗೆ ಪತ್ರ ಬರೆದು ಆಸ್ಟ್ರೇಲಿಯಾದ ಗೋಧಿ ತರಲು ಹಡಗು ಕೇಳಿದ, ಅವರು ಇಲ್ಲವೆಂದರು. ಬಂಗಾಳದ ಪ್ರಾಂತೀಯ ಸರ್ಕಾರ ಅಭಾವವೇ ಇಲ್ಲವೆಂದು ವಸಂತಕಾಲವಿಡೀ ಸಾರಿ ದಾರಿ ತಪ್ಪಿಸಿತು. ಇವೆಲ್ಲ ಸರಿ. ಆದರೆ ಏಪ್ರಿಲ್ ಪತ್ರಕ್ಕೂ ಆಗಸ್ಟ್ ಸಭೆಗೂ ನಡುವೆ ಎಂಟು ತಿಂಗಳಿವೆ. ಆ ಅವಧಿಯಲ್ಲಿ ಬ್ರಿಟನ್ನಿನ ದಾಸ್ತಾನು ಮೊದಲು, ಯುದ್ಧಾನಂತರದ ಯೂರೋಪಿನ ಅನ್ನ ಅದರ ಪಕ್ಕ, ಬಂಗಾಳ ಕೊನೆಗೆ ಎಂಬ ಸಾಲು ಬದಲಾಗಲಿಲ್ಲ. ಭಾರತೀಯರ ಸಂತಾನದ ಬಗ್ಗೆ ಚರ್ಚಿಲ್ ಸಂಪುಟದಲ್ಲಿ ಆಡಿದ ಹೀನ ಮಾತುಗಳನ್ನು ಅಮೆರಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಈ ವಿಷಯದಲ್ಲಿ ನಿಮ್ಮ ದೃಷ್ಟಿಗೂ ಹಿಟ್ಲರನ ದೃಷ್ಟಿಗೂ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ ಎಂದು ಮುಖಕ್ಕೇ ಹೇಳಿದ್ದನ್ನೂ ಬರೆದಿದ್ದಾರೆ. ಅಮೆರಿ ಸಾಮ್ರಾಜ್ಯವಾದಿಯೇ, ಚರ್ಚಿಲ್ ಪಕ್ಷದವರೇ ಎಂಬುದನ್ನು ಮರೆಯಬಾರದು.

ಹಾಗಾದರೆ ಚರ್ಚಿಲ್ ಬಂಗಾಳಿಗಳನ್ನು ಕೊಲ್ಲಬೇಕೆಂದು ಕೂತು ಯೋಜನೆ ಹಾಕಿದನೇ? ಅಂಥ ಯೋಜನೆಗೆ ಪುರಾವೆ ನನಗೆ ಕಾಣುವುದಿಲ್ಲ. ಆದರೆ ಕೇಡು ಎಂದರೆ ಯೋಜನೆಯೇ ಆಗಬೇಕೇ? ಯಾರ ಸಾವು ಭಾರ, ಯಾರ ಸಾವು ಹಗುರ ಎಂದು ಮೊದಲೇ ತೂಗಿಟ್ಟುಕೊಂಡವನಿಗೆ ಯೋಜನೆ ಬೇಕಿಲ್ಲ. ಹಡಗುಗಳ ಪಟ್ಟಿ ಮಾಡುವಾಗ ಆ ತೂಕ ತಾನೇ ಕೆಲಸ ಮಾಡುತ್ತದೆ. ಅವಜ್ಞೆಯನ್ನು ನಾನು ಅಸಾಮರ್ಥ್ಯದ ಪಕ್ಕದಲ್ಲಿ ಕೂರಿಸಲಾರೆ. ಹೋಲಿಸಿ ನೋಡಿ: ಲಿನ್‌ಲಿತ್ಗೊ ವೈಸರಾಯ್ ಆಗಿದ್ದಷ್ಟು ದಿನ ಕ್ಷಾಮದ ಕಲ್ಕತ್ತೆಗೆ ಕಾಲಿಡಲಿಲ್ಲ. ಅಕ್ಟೋಬರಿನಲ್ಲಿ ಅಧಿಕಾರ ವಹಿಸಿಕೊಂಡ ವೇವೆಲ್ ಕೆಲವೇ ದಿನಗಳಲ್ಲಿ ಅಲ್ಲಿಗೆ ಹೋದರು, ಧಾನ್ಯ ಹಂಚಲು ಸೇನೆಯನ್ನು ಇಳಿಸಿದರು. ಅದೇ ಸರ್ಕಾರ, ಅದೇ ಯುದ್ಧ, ಅದೇ ಕೊರತೆ.

ಈಗ ಮೂರನೆಯ ಪ್ರಸಂಗ. ಇಲ್ಲಿರುವವರು ಪರದೇಶದವರಲ್ಲ, ನಮ್ಮವರು. ನಮ್ಮಲ್ಲಿ ಹಲವರಿಗೆ ಪ್ರೀತಿಪಾತ್ರರಾದವರು. ಆದ್ದರಿಂದ ನಿಧಾನವಾಗಿ ಹೋಗೋಣ.

ಕನ್ನಡ ಓದುಗರಿಗೆ 1962 ಹೊಸದಲ್ಲ. ನಮ್ಕಾ ಚು ತೊರೆಯ ದಂಡೆಯಲ್ಲಿ ಏಳನೆಯ ಬ್ರಿಗೇಡನ್ನು ನಡೆಸಿ ಸೆರೆಯಾದ ಬ್ರಿಗೇಡಿಯರ್ ಜಾನ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಮೂಲಕ ಕನ್ನಡಕ್ಕೆ ಬಂದು ಮನೆಮಾತಾಗಿದೆ. ಹತ್ತಿಬಟ್ಟೆಯ ಸಮವಸ್ತ್ರ, ಕ್ಯಾನ್‌ವಾಸ್ ಬೂಟು, ಹಳೆಯ ರೈಫಲ್, ಜೇಬಿನಲ್ಲಿದ್ದಷ್ಟೇ ಗುಂಡು: ಈ ಚಿತ್ರ ನಮ್ಮೆಲ್ಲರ ಕಣ್ಣಲ್ಲಿದೆ. ಅದನ್ನು ಮತ್ತೆ ಬಿಡಿಸುವುದಿಲ್ಲ. ಸೈನಿಕ ಹಾಗೆ ನಿಂತಿದ್ದಾನೆಂದು ದೆಹಲಿಗೆ ಹೇಳಿದವರು ಯಾರು, ಹೇಳಿದವರಿಗೆ ಏನಾಯಿತು ಎಂಬುದಷ್ಟೇ ನನ್ನ ವಿಷಯ.

ಮೊದಲ ಹೆಸರು ಕೊಡಗಿನದು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ 1957ರಿಂದ ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈಯಾಡಿಸುವುದನ್ನು ಸಹಿಸದೆ 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿದರು, ತಿಮ್ಮಯ್ಯ ಹಿಂತೆಗೆದುಕೊಂಡರು. ಅದಾದ ಮೇಲೆ ನೆಹರೂ ಸಂಸತ್ತಿನಲ್ಲಿ ಸೇನಾಪತಿಯ ನಡೆಯನ್ನು ಹಗುರ ಮಾಡಿ ಮಾತಾಡಿದರು. ನನಗೆ ನೆಹರೂ ಬಗ್ಗೆ ಗೌರವ ಕಡಿಮೆಯಿಲ್ಲ. ಆದರೂ ಅಂದು ಆಡಿದ ಮಾತು ಸೇನೆಯ ಪ್ರತಿ ಮೆಸ್ಸಿಗೂ ಮುಟ್ಟಿತು: ಹೇಳಬೇಕಾದ್ದನ್ನು ಹೇಳಿದರೆ ಹೀಗಾಗುತ್ತದೆ ಎಂದು.

ಪೂರ್ವ ಕಮಾಂಡಿನ ಜನರಲ್ ಥೋರಟ್ 1960ರಲ್ಲಿ ಲಖನೌದಲ್ಲಿ ಒಂದು ಸಮರಾಭ್ಯಾಸ ನಡೆಸಿದರು. ಗಡಿಯ ತುದಿಯಲ್ಲಿ ಅಲ್ಲ, ನಮ್ಮ ಸಾಗಾಣಿಕೆ ಮುಟ್ಟುವಷ್ಟು ಹಿಂದೆ ನಿಂತು ಎದುರಿಸಬೇಕು ಎಂಬುದು ಅವರ ಲೆಕ್ಕಾಚಾರದ ತಿರುಳು. ಅದು ಬದಿಗೆ ಸರಿಯಿತು. ತಿಮ್ಮಯ್ಯನವರ ನಂತರ ಥೋರಟ್ ಅವರಿಗೆ ಸ್ಥಾನ ಸಿಗಲಿಲ್ಲ. ಥಾಪರ್ ಬಂದರು, ಅವರ ಕೆಳಗೆ ಜನರಲ್ ಸ್ಟಾಫಿನ ಮುಖ್ಯಸ್ಥರಾಗಿ ನೆಹರೂ, ಮೆನನ್ ಇಬ್ಬರಿಗೂ ಹತ್ತಿರದವರಾದ ಬಿ. ಎಂ. ಕೌಲ್ ಬಂದರು. 1961ರ ನವೆಂಬರಿನಲ್ಲಿ ಫಾರ್ವರ್ಡ್ ಪಾಲಿಸಿ ಎಂದು ಹೆಸರಾದ ಆದೇಶ ಹೊರಟಿತು: ಆದಷ್ಟು ಮುಂದೆ ಹೋಗಿ ಠಾಣೆ ಹಾಕಿ. ಚೀನೀಯರು ಬಲ ಪ್ರಯೋಗಿಸುವುದಿಲ್ಲ ಎಂಬುದು ಗುಪ್ತಚರ ವಿಭಾಗದ ಮಲಿಕ್ ಅವರ ಅಂದಾಜು. ಠಾಣೆಗಳ ಬೆನ್ನಿಗೆ ದೊಡ್ಡ ಪಡೆಗಳನ್ನು ಸಿದ್ಧವಿಡಬೇಕು ಎಂಬ ಮಾತು ಮೂಲ ನಿರ್ಧಾರದಲ್ಲಿತ್ತು. ಸೇನೆಯ ಕೇಂದ್ರ ಕಚೇರಿಯಿಂದ ಕೆಳಗೆ ಹೋದ ಆದೇಶದಲ್ಲಿ ಆ ಭಾಗ ಬಿಟ್ಟುಹೋಗಿತ್ತು.

ನಿವೃತ್ತರಾದ ತಿಮ್ಮಯ್ಯ 1962ರ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಭಾರತ ಒಂಟಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲಾರೆ, ಇದನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನಿಭಾಯಿಸಬೇಕು ಎಂಬುದು ಅದರ ಸಾರ. ರಹಸ್ಯ ಕಡತವಲ್ಲ ಇದು, ಅಂಗಡಿಯಲ್ಲಿ ಸಿಗುವ ಪತ್ರಿಕೆ. ನಮ್ಮ ಭಾರತ ಕಥೆಯ ಧೃತರಾಷ್ಟ್ರ ನೆನಪಾಗುತ್ತಾನೆ. ಅವನಿಗೆ ಕಣ್ಣಿರಲಿಲ್ಲ ಎಂದು ನಾವು ಕನಿಕರಿಸುತ್ತೇವೆ, ಆದರೆ ವಿದುರನೂ ಸಂಜಯನೂ ಹೇಳದೆ ಉಳಿಸಿದ್ದು ಯಾವುದೂ ಇರಲಿಲ್ಲ.

ಸೆಪ್ಟೆಂಬರ್ 8ರಂದು ಚೀನೀ ಸೈನಿಕರು ಥಾಗ್ಲಾ ಏಣಿನ ಕೆಳಗಿನ ಧೋಲಾ ಠಾಣೆಯನ್ನು ಸುತ್ತುವರಿದರು. ಅವರನ್ನು ಅಟ್ಟಬೇಕೆಂದು ದೆಹಲಿ ತೀರ್ಮಾನಿಸಿತು. 22ರಂದು ನಡೆದ ಸಭೆಯನ್ನು ಗಮನಿಸಿ. ಪ್ರಧಾನಿ ವಿದೇಶದಲ್ಲಿ, ರಕ್ಷಣಾ ಸಚಿವರು ನ್ಯೂಯಾರ್ಕಿನಲ್ಲಿ. ಹೀಗೆ ಮಾಡಿದರೆ ಚೀನೀಯರು ಲಡಾಖಿನಲ್ಲಿ ತಿರುಗಿ ಹೊಡೆಯಬಹುದು ಎಂದು ಥಾಪರ್ ಎಚ್ಚರಿಸಿದರು, ಆದೇಶ ಲಿಖಿತವಾಗಿ ಬೇಕೆಂದರು. ಲಿಖಿತ ಆದೇಶ ಬಂತು. ಸಹಿ ಮಾತ್ರ ರಕ್ಷಣಾ ಸಚಿವಾಲಯದ ಜಂಟಿ ಕಾರ್ಯದರ್ಶಿಯದು. ಒಂದು ಮಹಾ ದೇಶದೊಡನೆ ಕಾದಾಟಕ್ಕೆ ನೂಕುವ ಕಾಗದ, ಜಂಟಿ ಕಾರ್ಯದರ್ಶಿಯ ಸಹಿ! ಥಾಪರ್ ಕಾಗದ ಪಡೆದರು, ಪಾಲಿಸಿದರು. ತಿಮ್ಮಯ್ಯನವರ ಪ್ರಸಂಗ ಅವರ ಕಣ್ಣೆದುರು ಇತ್ತಷ್ಟೆ.

ಸ್ಥಳದ ಹೊಣೆ ಹೊತ್ತಿದ್ದ ಕೋರ್ ಕಮಾಂಡರ್ ಉಮ್ರಾವ್ ಸಿಂಗ್ ಈ ಕಾರ್ಯಾಚರಣೆಗೆ ಎಷ್ಟು ಆಹಾರ, ಎಷ್ಟು ಮದ್ದುಗುಂಡು, ಎಷ್ಟು ಚಳಿ ಬಟ್ಟೆ ಬೇಕು ಎಂದು ಲೆಕ್ಕ ಕೊಟ್ಟರು. ಅಷ್ಟನ್ನು ಪೂರೈಸಲು ಸಾಧ್ಯವೇ ಇರಲಿಲ್ಲ, ಅದೇ ಅವರು ಹೇಳಬೇಕೆಂದಿದ್ದದ್ದು. ಉತ್ತರವಾಗಿ ಆ ಗಡಿಯ ಹೊಣೆಯನ್ನೇ ಅವರಿಂದ ತೆಗೆದು, ಅಕ್ಟೋಬರಿನಲ್ಲಿ ಹೊಸ ನಾಲ್ಕನೆಯ ಕೋರ್ ರಚಿಸಿ ಕೌಲ್ ಕೈಗಿತ್ತರು.

ಮುಂದಿನ ಹತ್ತು ದಿನಗಳೇ ನನ್ನ ಮಟ್ಟಿಗೆ ಈ ಇಡೀ ಪ್ರಶ್ನೆಯ ಕೀಲು. ಅಕ್ಟೋಬರ್ 10ರಂದು ತ್ಸೆಂಗ್‌ಜಾಂಗ್‌ನಲ್ಲಿ ಚಕಮಕಿ ನಡೆಯಿತು, ಕೌಲ್ ಸ್ವತಃ ಅಲ್ಲಿದ್ದರು. ಚೀನೀಯರು ಗುಂಡು ಹಾರಿಸುವುದಿಲ್ಲ ಎಂಬ ಅಂದಾಜು ಅವರ ಕಣ್ಣೆದುರೇ ಸುಳ್ಳಾಯಿತು. ದೆಹಲಿಗೆ ಹಾರಿದರು. 11ರ ರಾತ್ರಿ ಪ್ರಧಾನಿಯವರ ಮನೆಯಲ್ಲಿ ಸಭೆ. ಆ ಸಭೆಯಲ್ಲಿ ಯಾರು ಏನೆಂದರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಈಗ ದಾಳಿ ಸಾಧ್ಯವಿಲ್ಲ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು. ಆದರೂ ಬ್ರಿಗೇಡನ್ನು ಆ ತೊರೆಯ ತಗ್ಗಿನಿಂದ ಹಿಂದಕ್ಕೆ ಕರೆಸಲಿಲ್ಲ. ಮರುದಿನ ಕೊಲಂಬೊಗೆ ಹೊರಟ ನೆಹರೂ, ನಮ್ಮ ನೆಲವನ್ನು ಬಿಡಿಸಿಕೊಳ್ಳಲು ಸೇನೆಗೆ ಹೇಳಿದ್ದೇನೆ, ಸಮಯದ ಆಯ್ಕೆ ಅವರದು ಎಂದು ಪತ್ರಕರ್ತರಿಗೆ ತಿಳಿಸಿದರು. ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಮರಳಿ ಹಾಸಿಗೆಯಿಂದಲೇ ಆದೇಶ ಕೊಡತೊಡಗಿದರು. 20ರ ಬೆಳಗ್ಗೆ ದಾಳಿ. ದಳವಿ 22ರಂದು ಸೆರೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಸೆಲಾ, ಬೊಮ್ಡಿಲಾ ಎರಡೂ ಬಿದ್ದಿದ್ದವು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 1,383, ಕಾಣೆಯಾದವರು 1,696, ಸೆರೆಯಾದವರು 3,968.

ಇದು ಕೇಡೇ? ಅಲ್ಲ. ಮೆನನ್ ದೇಶದ್ರೋಹಿ ಎಂಬ ಅಂದಿನ ಕೂಗನ್ನು ನಾನು ಒಪ್ಪುವುದಿಲ್ಲ. ಅಹಂಕಾರಿ, ಚುಚ್ಚುಮಾತಿನವರು, ಆದರೆ ಶಸ್ತ್ರಾಸ್ತ್ರಕ್ಕೆ ಹಣ ಸಾಲದೆಂದು ಹಣಕಾಸು ಸಚಿವಾಲಯದೊಡನೆ ಜಗಳವಾಡಿದವರೂ ಅವರೇ. ಚೀನಾ ಬೆನ್ನಿಗೆ ಚೂರಿ ಹಾಕಿತು ಎಂಬ ವಿವರಣೆಯೂ ನನಗೆ ಸಾಲದು. ಚೀನಾ ಏನು ಮಾಡಿತು ಎಂಬುದು ಬೇರೆ ಉಪನ್ಯಾಸದ ವಿಷಯ. ನಾವು ಏನನ್ನು ಕೇಳಿಸಿಕೊಳ್ಳದೆ ಕೂತಿದ್ದೆವು ಎಂಬುದಕ್ಕೆ ಅದು ಉತ್ತರವಲ್ಲ. 11ರ ರಾತ್ರಿಗೂ 20ರ ಬೆಳಗಿಗೂ ನಡುವೆ ನಿಂತಿದ್ದದ್ದು ಮುಖಭಂಗದ ಅಂಜಿಕೆ. ಹಿಂದಕ್ಕೆ ಸರಿದರೆ ಸಂಸತ್ತು ಏನನ್ನುತ್ತದೆ, ಪತ್ರಿಕೆ ಏನನ್ನುತ್ತದೆ? ಈ ಅಂಜಿಕೆಗೆ ವಿರೋಧ ಪಕ್ಷಗಳೂ ಗೊಬ್ಬರ ಹಾಕಿದವು, ಒಂದು ಅಂಗುಲ ಬಿಡಬಾರದೆಂದು ಅಬ್ಬರಿಸಿದ ಓದುಬಲ್ಲ ಜನರೂ ಹಾಕಿದರು. ಆ ಪೈಕಿ ನಮ್ಮ ಹಿರಿಯರೂ ಇದ್ದರು. ಅಸಾಮರ್ಥ್ಯದಿಂದ ಶುರುವಾದದ್ದು ಆ ಹತ್ತು ದಿನಗಳಲ್ಲಿ ಬೇರೆಯೇ ಆಯಿತು. ಗೊತ್ತಿದ್ದೂ ಬಿಟ್ಟದ್ದು ಎಂದಷ್ಟೇ ನಾನು ಕರೆಯುತ್ತೇನೆ. ಬಂಗಾಳದಲ್ಲಿದ್ದ ಅವಜ್ಞೆ ಇಲ್ಲಿರಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಾವು ನಮ್ಮದೇ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಅದೇ ಅಕ್ಟೋಬರಿನಲ್ಲಿ ನೆಹರೂ ಬಹಿರಂಗವಾಗಿ ಒಪ್ಪಿಕೊಂಡರು. ಯುದ್ಧ ನಡೆಯುತ್ತಿರುವಾಗಲೇ ಸಂಸತ್ತನ್ನು ಕರೆದು ಬೈಗುಳ ಕೇಳಿಸಿಕೊಂಡರು. ಚರ್ಚಿಲ್ ಬಂಗಾಳದ ಬಗ್ಗೆ ಅಂಥ ಒಂದು ಮಾತನ್ನೂ ಆಡಿದವನಲ್ಲ.

ಕೊನೆಯದಾಗಿ, ಇದನ್ನೆಲ್ಲ ನಾವು ತಿಳಿಯುವುದು ಹೇಗೆ ಎಂಬ ವಿಷಯ. ಕೂಟ್ ಶರಣಾದ ಮರುವರ್ಷವೇ, 1917ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಮೆಸೊಪೊಟೇಮಿಯಾ ಆಯೋಗದ ವರದಿ ಪ್ರಕಟವಾಯಿತು. ಕಾರ್ಟರನ ಸಾಕ್ಷ್ಯ ಜಗತ್ತಿಗೆ ತಿಳಿದದ್ದು ಅದರಿಂದ. ವೈಯಕ್ತಿಕವಾಗಿ ಹೆಚ್ಚು ತಪ್ಪಿಲ್ಲದ ಭಾರತ ಸಚಿವ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಬಂಗಾಳದ ಕ್ಷಾಮ ಆಯೋಗದ ವರದಿ 1945ರಲ್ಲಿ ಬಂತು. ಹೊಣೆಯನ್ನು ಪ್ರಾಂತೀಯ ಮತ್ತು ಭಾರತ ಸರ್ಕಾರಗಳ ಮೇಲೆ ಹೊರಿಸಿತು, ಲಂಡನ್ನಿನ ಸಂಪುಟದ ಬಾಗಿಲವರೆಗೆ ಹೋಗಲಿಲ್ಲ.

1962ರ ಬಗ್ಗೆ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಬರೆದ ವರದಿ 1963ರಲ್ಲೇ ಸಿದ್ಧವಾಯಿತು. ತರಬೇತಿ, ಸಲಕರಣೆ, ಕಮಾಂಡ್ ವ್ಯವಸ್ಥೆ ಇವನ್ನು ನೋಡಿ ಎಂದು ಅವರಿಗೆ ಹೇಳಲಾಗಿತ್ತು. ಸರ್ಕಾರದ ನಿರ್ಧಾರಗಳನ್ನು ಪರಿಶೀಲಿಸಿ ಎಂದು ಹೇಳಿರಲಿಲ್ಲ. ಹೊಸ ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಅದೇ ಸೆಪ್ಟೆಂಬರಿನಲ್ಲಿ ಲೋಕಸಭೆಗೆ ಅದರ ಸಾರ ಓದಿದರು. ಪೂರ್ಣ ಪಾಠವನ್ನು ಸರ್ಕಾರ ಬಿಡುಗಡೆ ಮಾಡಲಿಲ್ಲ, 2010ರಲ್ಲೂ ಆಗದೆಂದೇ ಸಂಸತ್ತಿಗೆ ತಿಳಿಸಿತು. ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಬಹಿರಂಗಪಡಿಸಿದ ಭಾಗದಿಂದ ನಾವು ಓದಬಲ್ಲೆವು, ಅಷ್ಟೆ. ಆ ಭಾಗದಲ್ಲಿ ಒಂದು ಸಂಗತಿ ಇದೆ. ಸೆಪ್ಟೆಂಬರಿನ ಆ ದಿನಗಳಲ್ಲಿ ತಮ್ಮ ಕೋಣೆಯಲ್ಲಿ ನಡೆಯುವ ಸಭೆಗಳು ಪರಮ ಗೋಪ್ಯವಾದ್ದರಿಂದ ನಡವಳಿ ಬರೆದಿಡುವಂತಿಲ್ಲ ಎಂದು ಮೆನನ್ ಸ್ಪಷ್ಟವಾಗಿ ಹೇಳಿದ್ದರು. ಮುಂದಿನ ಸಭೆಗಳಲ್ಲೂ ಅದೇ ಪದ್ಧತಿಯಾಯಿತು. ಇದರಿಂದಾಗಿ ಯಾವ ದೊಡ್ಡ ನಿರ್ಧಾರಕ್ಕೂ ಕೊನೆಗೆ ಯಾರೂ ಹೊಣೆಗಾರರಾಗದೆ ಉಳಿದರು ಎಂದು ವರದಿಗಾರರಿಬ್ಬರೂ ಅಚ್ಚರಿಪಟ್ಟಿದ್ದಾರೆ. ನಾನು ಈ ಮಾತನ್ನು ಓದಿದಾಗ ನಮ್ಕಾ ಚುವಿನಲ್ಲಿ ಇನ್ನೂ ಗುಂಡು ಹಾರಿರದ ಆ ವಾರಗಳನ್ನು ಲೆಕ್ಕ ಹಾಕಿದೆ. ಬೂಟು, ಕಂಬಳಿ, ಮದ್ದುಗುಂಡುಗಳ ವಿಷಯದಲ್ಲಿ ಯಾವ ಮುಂದಾಲೋಚನೆಯೂ ಕಾಣದ ಕಚೇರಿಯಲ್ಲಿ, ಈ ಒಂದು ವಿಷಯದ ಮುಂದಾಲೋಚನೆ ಪೂರ್ತಿಯಾಗಿತ್ತು.